ಯೆಜ್ಡಿಯ ಪಕ್ಕದಲ್ಲಿ ಇನ್ನೊಂದು ಬೈಕು

ಹಳೆಯ ಮೋಟಾರ್ ಸೈಕಲ್ಲೊಂದನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದವರಿಗೆ ಹೊಸದೊಂದನ್ನು ಕೊಳ್ಳುವುದು ಸುಲಭದ ಮಾತಲ್ಲ. ಒಂಟಿ ಎತ್ತಿಗೆ ಜೋಡಿ ಹುಡುಕುವ ರೈತ ಎತ್ತರ, ನಡಿಗೆ, ಬಣ್ಣ, ಕೊಂಬುಗಳನ್ನು ಹೋಲಿಸಿ ನೋಡುತ್ತಾನೆ. ಒಂದರಂತೆ ಇನ್ನೊಂದು ಇದ್ದರೆ ಮಾತ್ರ ನೊಗ ಸಮನಾಗಿ ನಿಲ್ಲುತ್ತದೆ. ಬೈಕಿನ ವಿಷಯದಲ್ಲಿ ಈ ಲೆಕ್ಕ ತಿರುವುಮುರುವು. ಇವೆರಡನ್ನು ಒಂದೇ ನೊಗಕ್ಕೆ ಹೂಡುವುದಿಲ್ಲ. ಹಳೆಯದು ಯಾವ ಕೆಲಸಕ್ಕಾಗಿ ಹುಟ್ಟಿತು, ಯಾವ ಕೆಲಸ ಅದರಿಂದ ಆಗದು ಎಂಬುದನ್ನು ತಿಳಿದಾಗಲೇ ಹೊಸದರ ಆಯ್ಕೆ ಸರಿಯಾಗುತ್ತದೆ. ಇದಕ್ಕೆ ನಮ್ಮ ನಾಡಿನದೇ ಒಳ್ಳೆಯ ನಿದರ್ಶನವಿದೆ: ಮೈಸೂರಿನ ಜಾವಾ ಮತ್ತು ಯೆಜ್ಡಿ.

ಜಾವಾ ಎಂಬ ಹೆಸರಿಗೂ ಇಂಡೋನೇಷ್ಯದ ದ್ವೀಪಕ್ಕೂ ಸಂಬಂಧವಿಲ್ಲ. ಪ್ರಾಗ್ ನಗರದ ಉದ್ಯಮಿ ಫ್ರಾಂಟಿಸೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ವಿನ್ಯಾಸದ ಹಕ್ಕು ಪಡೆದು, ತನ್ನ ಹೆಸರಿನ ಮೊದಲಕ್ಷರಕ್ಕೆ ವಾಂಡರರ್‌ನ ಮೊದಲಕ್ಷರವನ್ನು ಸೇರಿಸಿ ಹೊಸ ಬೈಕಿಗೆ ಹೆಸರಿಟ್ಟ. ಚೆಕ್ ಭಾಷೆಯಲ್ಲಿ ಅದರ ಉಚ್ಚಾರ ‘ಯಾವಾ’. ಇಂಗ್ಲಿಷ್ ಓದಿನ ದಾರಿಯಲ್ಲಿ ಬಂದು ನಮಗದು ‘ಜಾವಾ’ ಆಯಿತು.

ಈ ಬೈಕನ್ನು ಭಾರತದಲ್ಲೇ ತಯಾರಿಸಲು ಐಡಿಯಲ್ ಜಾವಾ ಕಂಪನಿ 1960ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾಯಿತು. ಅದರ ರೂವಾರಿ ರುಸ್ತುಂ ಇರಾನಿ. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು 1961ರಲ್ಲಿ ಕಾರ್ಖಾನೆಯನ್ನು ಉದ್ಘಾಟಿಸಿದರು. ಯಾದವಗಿರಿಯ ಆ ಕಾರ್ಖಾನೆ ಮೂರೂವರೆ ದಶಕ ಕಾಲ ನಗರದ ಸಾವಿರಾರು ಮನೆಗಳಿಗೆ ಅನ್ನ ನೀಡಿತು. 1973ರಿಂದ ಅಲ್ಲಿನ ಬೈಕುಗಳು ‘ಯೆಜ್ಡಿ’ ಎಂಬ ಸ್ವಂತ ಹೆಸರಿನಲ್ಲಿ ಹೊರಬಂದವು. ಇರಾನಿನ ಯಜ್ದ್ ಪಟ್ಟಣದಿಂದ ಬಂದ ಹೆಸರಿದು. 1978ರ ರೋಡ್‌ಕಿಂಗ್ ಈ ಕುಟುಂಬದ ಅತಿ ಪ್ರಸಿದ್ಧ ಕುಡಿ: 250 ಸಿ.ಸಿ. ವರ್ಗದ ಒಂದೇ ಸಿಲಿಂಡರ್, ಅದಕ್ಕೆ ಎರಡು ಸೈಲೆನ್ಸರ್, ನಾಲ್ಕು ಗೇರು, 16 ಅಶ್ವಶಕ್ತಿ, ಸುಮಾರು 140 ಕಿಲೋ ತೂಕ.

ಕೈಗೆಟಕುವ ಯಂತ್ರ

ಈ ಬೈಕುಗಳ ಮೇಲೆ ಜನರಿಗಿರುವ ಮಮತೆಗೆ ಸದ್ದು, ಹೊಗೆಯ ವಾಸನೆಗಳಷ್ಟೇ ಕಾರಣವಲ್ಲ. ಅವುಗಳದು ಟೂ-ಸ್ಟ್ರೋಕ್ ಎಂಜಿನ್. ಪಿಸ್ಟನ್ ಒಮ್ಮೆ ಮೇಲೇರಿ ಒಮ್ಮೆ ಕೆಳಗಿಳಿಯುವಷ್ಟರಲ್ಲಿ ಗಾಳಿ ಮತ್ತು ಪೆಟ್ರೋಲನ್ನು ಒಳಗೆಳೆದು, ಒತ್ತಿ, ಉರಿಸಿ, ಹೊಗೆಯನ್ನು ಹೊರದಬ್ಬುವ ನಾಲ್ಕೂ ಕೆಲಸ ಮುಗಿಯುತ್ತದೆ. ಫೋರ್-ಸ್ಟ್ರೋಕ್ ಎಂಜಿನ್ನಿಗಿರುವ ವಾಲ್ವ್, ಕ್ಯಾಮ್ ಮೊದಲಾದ ಬಿಡಿಭಾಗಗಳು ಇದಕ್ಕೆ ಬೇಕಿಲ್ಲ. ಒಳಗಿನ ಭಾಗಗಳಿಗೆ ಜಿಡ್ಡು ಒದಗಿಸಲು ಪೆಟ್ರೋಲಿಗೇ ಆಯಿಲ್ ಬೆರೆಸಿದರೆ ಸಾಕು. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ತಿರುಗಿಸಿದರೆ ಅದು ಗೇರ್ ಲಿವರ್ ಆಗುವ ಜಾಣತನ, ಧೂಳು ತಾಗದಂತೆ ಪೂರ್ತಿ ಮುಚ್ಚಿದ ಚೈನು, ಇವೆಲ್ಲ ಹಳ್ಳಿಯ ರಸ್ತೆಗೆ ಹೇಳಿ ಮಾಡಿಸಿದಂತಿದ್ದವು. ದಾರಿಯಲ್ಲಿ ನಿಂತರೆ ಪ್ಲಗ್ ಬಿಚ್ಚಿ ಒರೆಸಿ, ಪಾಯಿಂಟ್ ಉಜ್ಜಿ, ಕಾರ್ಬುರೇಟರಿನ ಜೆಟ್ ಊದಿ ಮುಂದೆ ಸಾಗಬಹುದಿತ್ತು. ಸವಾರನೇ ಅರೆ ಮೆಕ್ಯಾನಿಕ್ ಆಗಿದ್ದ ಕಾಲವದು. ಯಂತ್ರ ಕೆಡುತ್ತಿತ್ತು ನಿಜ. ಆದರೆ ಕೆಟ್ಟಿದ್ದು ಏನೆಂದು ಕಣ್ಣಿಗೆ ಕಾಣುತ್ತಿತ್ತು, ಕೈಗೆ ಎಟಕುತ್ತಿತ್ತು.

ದೂರದ ಪ್ರಯಾಣಕ್ಕೆ ಬೇರೆಯೇ ಬೈಕು ಬೇಕು ಎಂಬ ಕಲ್ಪನೆಯೇ ಆಗ ನಮ್ಮಲ್ಲಿರಲಿಲ್ಲ. ವಾರವಿಡೀ ಕಚೇರಿಗೆ ಒಯ್ಯುತ್ತಿದ್ದ ಯೆಜ್ಡಿ ಅಥವಾ ಬುಲೆಟ್ಟಿಗೇ ಚೀಲ ಕಟ್ಟಿಕೊಂಡು ಆಗುಂಬೆಗೋ ಊಟಿಗೋ ಹೋಗಿಬರುತ್ತಿದ್ದರು. ರಸ್ತೆಗಳು ಕಿರಿದಾಗಿದ್ದವು. ಎದುರಿಗೆ ಬರುತ್ತಿದ್ದುದು ಅಂಬಾಸಿಡರ್, ಬಸ್ಸು, ಲಾರಿ ಮತ್ತು ಎತ್ತಿನ ಗಾಡಿ. ಗಂಟೆಗೆ 50-60 ಕಿ.ಮೀ. ವೇಗವೇ ಸಾಕೆನಿಸುತ್ತಿತ್ತು. ಆ ವೇಗಕ್ಕೆ ಹಿಂದೆ-ಮುಂದೆ ಇದ್ದ ಡ್ರಮ್ ಬ್ರೇಕುಗಳೂ ಸಾಕಾಗುತ್ತಿದ್ದವು.

ಈ ಲೋಕ 1980ರ ದಶಕದಲ್ಲಿ ಬದಲಾಗತೊಡಗಿತು. ಜಪಾನಿ ತಂತ್ರಜ್ಞಾನದ 100 ಸಿ.ಸಿ. ಬೈಕುಗಳು ಬಂದವು. 1985ರ ಹೀರೊ ಹೋಂಡಾ ಸಿ.ಡಿ. 100ರ ಫೋರ್-ಸ್ಟ್ರೋಕ್ ಎಂಜಿನ್ ಪೆಟ್ರೋಲನ್ನು ಹನಿ ಲೆಕ್ಕದಲ್ಲಿ ಕುಡಿಯುತ್ತಿತ್ತು. ಟೂ-ಸ್ಟ್ರೋಕಿನಲ್ಲಿ ಉರಿಯದ ಪೆಟ್ರೋಲಿನ ಒಂದು ಪಾಲು ಹೊಗೆಯೊಂದಿಗೇ ಹೊರಹೋಗುತ್ತದೆ, ಬೆರೆಸಿದ ಆಯಿಲೂ ಸುಡುತ್ತದೆ. ಆದ್ದರಿಂದ ಮಾಲಿನ್ಯದ ನಿಯಮಗಳು ಬಿಗಿಯಾದಂತೆ ಅದಕ್ಕೆ ಉಳಿಗಾಲವಿರಲಿಲ್ಲ. ಕಾರ್ಮಿಕರ ಬಿಕ್ಕಟ್ಟೂ ಸೇರಿ ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು.

ಪ್ರವಾಸಕ್ಕೆಂದೇ ಒಂದು ಜಾತಿ

ಇತ್ತ ಯುರೋಪಿನಲ್ಲಿ ಅದೇ ಹೊತ್ತಿಗೆ ಹೊಸ ಜಾತಿಯ ಬೈಕೊಂದು ಬೆಳೆಯುತ್ತಿತ್ತು. ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿ 1980ರಲ್ಲಿ ಹೊರತಂದ ಆರ್ 80 ಜಿ/ಎಸ್ ಹೆದ್ದಾರಿ ಮತ್ತು ಕಚ್ಚಾರಸ್ತೆ ಎರಡಕ್ಕೂ ಸಲ್ಲುವಂತೆ ರೂಪುಗೊಂಡಿತ್ತು. ಮರುವರ್ಷವೇ ಫ್ರಾನ್ಸಿನ ಯುಬೆರ್ ಒರಿಯೋಲ್ ಅದೇ ಕಂಪನಿಯ ಬೈಕಿನಲ್ಲಿ ಪ್ಯಾರಿಸ್-ಡಾಕರ್ ಮರುಭೂಮಿ ಓಟವನ್ನು ಗೆದ್ದ. ಉದ್ದನೆಯ ಸಸ್ಪೆನ್ಷನ್, ನೆಟ್ಟಗೆ ಕೂರುವ ಭಂಗಿ, ದೊಡ್ಡ ಟ್ಯಾಂಕ್, ಸಾಮಾನು ಹೇರಲು ಅನುಕೂಲ: ಇಂದು ನಾವು ‘ಅಡ್ವೆಂಚರ್ ಟೂರರ್’ ಎನ್ನುವ ಬೈಕುಗಳ ಲಕ್ಷಣಗಳು ನೆಲೆಗೊಂಡದ್ದು ಅಲ್ಲಿಂದಲೇ.

ಈ ಜಾತಿ ನಮ್ಮ ಸಾಮಾನ್ಯ ಗ್ರಾಹಕರ ಕೈಗೆ ಸಿಗಲು ಮೂರೂವರೆ ದಶಕ ಬೇಕಾಯಿತು. ರಾಯಲ್ ಎನ್‌ಫೀಲ್ಡ್ 2016ರಲ್ಲಿ 411 ಸಿ.ಸಿ.ಯ ಹಿಮಾಲಯನ್ ಬೈಕನ್ನು ತಂದಿತು. 2023ರ ನವೆಂಬರಿನಲ್ಲಿ ಅದರ ಸ್ಥಾನಕ್ಕೆ 452 ಸಿ.ಸಿ.ಯ, ನೀರಿನಿಂದ ತಂಪಾಗುವ, ಆರು ಗೇರಿನ ಎಂಜಿನ್ ಬಂತು. ಅದರ ಶಕ್ತಿ ಸುಮಾರು 40 ಅಶ್ವಶಕ್ತಿ, ಎಂದರೆ ರೋಡ್‌ಕಿಂಗಿನ ಎರಡೂವರೆ ಪಟ್ಟು. 2020ರಿಂದ ಕೆ.ಟಿ.ಎಂ. 390 ಅಡ್ವೆಂಚರ್ ಕೂಡ ಇದೇ ಸಾಲಿನಲ್ಲಿದೆ. 2022ರ ಜನವರಿಯಲ್ಲಿ ಯೆಜ್ಡಿ ಎಂಬ ಹೆಸರೇ ಮರಳಿ ಬಂದು, ‘ಯೆಜ್ಡಿ ಅಡ್ವೆಂಚರ್’ ಈ ಗುಂಪಿಗೆ ಸೇರಿತು. ಆದರೆ ಅದು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಎಂಜಿನ್ 334 ಸಿ.ಸಿ.ಯ ಫೋರ್-ಸ್ಟ್ರೋಕ್. ಹೆಸರು ಒಂದೇ ಆದರೂ ವಂಶ ಬೇರೆ.

ಇಲ್ಲಿಯೇ ಅನೇಕರು ಎಡವುವುದು. ಹಳೆಯದರ ಮೇಲಿನ ಪ್ರೀತಿಯಿಂದ ಹೊಸದರಲ್ಲೂ ಅದೇ ಟ್ಯಾಂಕು, ಅದೇ ದೀಪ, ಅದೇ ಬಳುಕನ್ನು ಹುಡುಕುತ್ತಾರೆ. ಹಳೆಯ ರೂಪದ ಹೊಸ ಬೈಕುಗಳು ಈಗ ಹೇರಳವಾಗಿವೆ, ಕೆಟ್ಟವೂ ಅಲ್ಲ. ಆದರೆ ಮನೆಯಲ್ಲಿ ಅಸಲು ಯೆಜ್ಡಿಯೇ ಇರುವವರಿಗೆ ಅದರ ನೆರಳು ಏತಕ್ಕೆ? ಎರಡನೆಯ ಬೈಕು ಮೊದಲನೆಯದರ ಕೊರತೆಗಳನ್ನು ತುಂಬಿಕೊಡಬೇಕು.

ಕೊರತೆಗಳಲ್ಲಿ ಮೊದಲನೆಯದು ಬ್ರೇಕು. ವೇಗ ಇಮ್ಮಡಿಯಾದರೆ ಬ್ರೇಕ್ ಹಿಡಿದ ಮೇಲೆ ವಾಹನ ನಿಲ್ಲಲು ಬೇಕಾಗುವ ದೂರ ಸುಮಾರು ನಾಲ್ಕು ಪಟ್ಟಾಗುತ್ತದೆ. ಸುತ್ತಲಿನ ಕಾರುಗಳು ಗಂಟೆಗೆ 100 ಕಿ.ಮೀ. ಓಡುವ ಚತುಷ್ಪಥದಲ್ಲಿ ಡ್ರಮ್ ಬ್ರೇಕನ್ನು ನಂಬಿ ದಿನವಿಡೀ ಸಾಗುವುದು ಧೈರ್ಯವಲ್ಲ, ಅಪಾಯ. 125 ಸಿ.ಸಿ.ಗಿಂತ ದೊಡ್ಡ ಬೈಕುಗಳ ಹೊಸ ಮಾದರಿಗಳಿಗೆ 2018ರ ಏಪ್ರಿಲಿನಿಂದಲೂ, ಹಳೆಯ ಮಾದರಿಗಳಿಗೆ 2019ರ ಏಪ್ರಿಲಿನಿಂದಲೂ ಎ.ಬಿ.ಎಸ್. ಕಡ್ಡಾಯವಾಯಿತು. ಗಾಬರಿಯಲ್ಲಿ ಬ್ರೇಕ್ ಜಗ್ಗಿದರೂ ಚಕ್ರ ಪೂರ್ತಿ ಕಚ್ಚಿಕೊಂಡು ಜಾರದಂತೆ ಅದು ತಡೆಯುತ್ತದೆ. ಮಳೆಗಾಲದ ಘಟ್ಟದಲ್ಲಿ ಇದರ ಬೆಲೆ ತಿಳಿಯುತ್ತದೆ.

ಎರಡನೆಯದು ಇಂಧನದ ಲೆಕ್ಕಾಚಾರ. 2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಫಲವಾಗಿ ಹೊಸ ಬೈಕುಗಳಲ್ಲಿ ಕಾರ್ಬುರೇಟರಿನ ಜಾಗವನ್ನು ಫ್ಯುಯೆಲ್ ಇಂಜೆಕ್ಷನ್ ಆಕ್ರಮಿಸಿತು. ಲಡಾಖಿನ 5,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟಕ್ಕೆ ಇಳಿಯುತ್ತದೆ. ಕಾರ್ಬುರೇಟರ್ ಅದನ್ನರಿಯದೆ ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಎಂಜಿನ್ ಉಸಿರುಗಟ್ಟುತ್ತದೆ. ಇಂಜೆಕ್ಷನ್ ವ್ಯವಸ್ಥೆ ಗಾಳಿಯನ್ನು ಅಳೆದು ಪೆಟ್ರೋಲನ್ನು ತಾನೇ ಕಡಿಮೆ ಮಾಡುತ್ತದೆ. ಇದಕ್ಕೆ ತೆರುವ ಬೆಲೆಯೂ ಇದೆ. ಸೆನ್ಸರೊಂದು ಕೈಕೊಟ್ಟರೆ ಸ್ಪಾನರ್ ಹಿಡಿದು ಕೂತು ಪ್ರಯೋಜನವಿಲ್ಲ, ಕಂಪ್ಯೂಟರ್ ಇರುವ ಸರ್ವಿಸ್ ಸೆಂಟರೇ ಆಗಬೇಕು. ಆದ್ದರಿಂದ ಹೊಸ ಬೈಕು ಆರಿಸುವಾಗ ಅದರ ಅಶ್ವಶಕ್ತಿಯ ಜೊತೆಗೆ, ನಾವು ಹೋಗುವ ದಾರಿಯ ಊರುಗಳಲ್ಲಿ ಅದರ ಸರ್ವಿಸ್ ಸೆಂಟರ್ ಎಲ್ಲೆಲ್ಲಿದೆ ಎಂಬುದನ್ನೂ ಕೇಳಬೇಕು.

ಯಾವ ದಾರಿಗೆ ಯಾವುದು

ಇನ್ನು ದೊಡ್ಡದು ಬೇಕೋ, ಚಿಕ್ಕದು ಸಾಕೋ? ರೋಡ್‌ಕಿಂಗಿಗೆ ಒಗ್ಗಿದ ದೇಹಕ್ಕೆ ಹೊಸ ಹಿಮಾಲಯನ್ನಿನ 196 ಕಿಲೋ ತೂಕ, 825 ಮಿಲಿಮೀಟರ್ ಎತ್ತರದ ಸೀಟು ಸಣ್ಣ ವ್ಯತ್ಯಾಸವಲ್ಲ. 648 ಸಿ.ಸಿ.ಯ ಸೂಪರ್ ಮೀಟಿಯರ್ 241 ಕಿಲೋ ತೂಗುತ್ತದೆ. ನೇರ ಹೆದ್ದಾರಿಯಲ್ಲಿ ಅದು ಸುಖಾಸನ, ಕೆಸರಿನಲ್ಲಿ ಮಲಗಿದರೆ ಒಬ್ಬರೇ ಎತ್ತುವುದು ಕಷ್ಟ. ಖರ್ಚಿನಲ್ಲೂ ಒಂದು ಗೆರೆ ಬಿದ್ದಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಬೈಕುಗಳಿಗೆ ಜಿ.ಎಸ್.ಟಿ. ಶೇಕಡ 18, ಅದಕ್ಕಿಂತ ದೊಡ್ಡವಕ್ಕೆ ಶೇಕಡ 40.

ದಾರಿಯ ವಿಷಯದಲ್ಲಿ ಒಂದು ವಿಪರ್ಯಾಸವನ್ನೂ ಗಮನಿಸಬೇಕು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶ ನಿಷೇಧಿಸಲಾಯಿತು. ಮೈಸೂರಿನಲ್ಲೇ ಹುಟ್ಟಿದ ಯೆಜ್ಡಿಗೂ ಸರ್ವಿಸ್ ರಸ್ತೆಯೇ ಗತಿ, ಲಕ್ಷಗಟ್ಟಲೆ ಸುರಿದು ತಂದ ಹೊಸ ಬೈಕಿಗೂ ಅದೇ ಗತಿ. ಗಂಟೆಗೆ 140 ಕಿ.ಮೀ. ಓಡುವ ಶಕ್ತಿಗೆ ಹಣ ತೆರುವ ಮುನ್ನ ಅದನ್ನು ಓಡಿಸುವ ಜಾಗ ಎಲ್ಲಿದೆ ಎಂದು ಯೋಚಿಸಬೇಕು. ಸಕಲೇಶಪುರ, ಕುದುರೆಮುಖ, ಯಾಣಗಳ ಕಡೆಗೆ ತಿರುಗುವವರಿಗೆ ಹಗುರವಾದ, ಹೊಂಡಗಳನ್ನು ನುಂಗುವ ಸಸ್ಪೆನ್ಷನ್ ಇರುವ ಬೈಕೇ ಲೇಸು. ರಾಜ್ಯ ದಾಟಿ ದಿನಕ್ಕೆ 500 ಕಿ.ಮೀ. ಕ್ರಮಿಸುವವರಿಗೆ ಮಾತ್ರ ದೊಡ್ಡ ಎಂಜಿನ್ ಸಾರ್ಥಕ.

ಹೊಸದು ಬಂದ ಮೇಲೆ ಹಳೆಯದರ ಗತಿಯೇನು ಎಂಬುದು ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಮೂಲೆಗೆ ನಿಂತ ಯೆಜ್ಡಿ ಓಡುವ ಯೆಜ್ಡಿಗಿಂತ ಬೇಗ ಸಾಯುತ್ತದೆ. ಆಯಿಲ್ ಸೀಲುಗಳು ಒಣಗುತ್ತವೆ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಂಟಾಗುತ್ತದೆ, ಟ್ಯಾಂಕಿಗೆ ತುಕ್ಕು ಹಿಡಿಯುತ್ತದೆ. 2025ರ ವೇಳೆಗೆ ಬಂಕುಗಳಲ್ಲಿ ಸಾಮಾನ್ಯವಾದ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲು ಈ ತೊಂದರೆಯನ್ನು ಹೆಚ್ಚಿಸಿದೆ. ಎಥನಾಲ್ ತೇವವನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರನ್ನು ಕೆಡಿಸುತ್ತದೆ. ಪೈಪು, ವಾಷರುಗಳನ್ನು ಹೊಸ ಬಗೆಯವಕ್ಕೆ ಬದಲಿಸುವುದು, ನಿಲ್ಲಿಸಿಡುವುದಾದರೆ ಟ್ಯಾಂಕ್ ಬರಿದು ಮಾಡುವುದು ಒಳ್ಳೆಯದು.

ಕಾಗದಪತ್ರಗಳ ಕಡೆಗೂ ಗಮನವಿರಲಿ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 50 ವರ್ಷ ಮೀರಿ ಮೂಲರೂಪದಲ್ಲೇ ಉಳಿದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ನಿಯಮ ತಂದಿತು. ಹಾಗೆ ನೋಂದಾಯಿಸಿದ ಬೈಕನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಉದ್ದೇಶಗಳಿಗಷ್ಟೇ ರಸ್ತೆಗಿಳಿಸಬಹುದು. ಮಾರುಕಟ್ಟೆಗೆ, ಕಚೇರಿಗೆ ಓಡಿಸುವ ಆಸೆಯಿದ್ದವರು ಇದನ್ನು ತಿಳಿದೇ ಮುಂದುವರಿಯಬೇಕು.

ಕಾರ್ಖಾನೆ ಮುಚ್ಚಿ ಮೂರು ದಶಕ ಕಳೆದರೂ ಮೈಸೂರಿನ ಯೆಜ್ಡಿಗಳು ಓಡುತ್ತಿರುವುದು ಅವನ್ನು ಬಲ್ಲ ಮೆಕ್ಯಾನಿಕರ ಕೈಚಳಕದಿಂದ. ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಅಭಿಮಾನಿಗಳು ಜಾವಾ-ಯೆಜ್ಡಿ ದಿನವನ್ನು ಆಚರಿಸುತ್ತಾರೆ. ಆದರೆ ವರ್ಷಕ್ಕೊಂದು ದಿನದ ಮೆರವಣಿಗೆಯಿಂದ ಗ್ಯಾರೇಜು ನಡೆಯುವುದಿಲ್ಲ. ಗಾಡಿ ವಾರವಾರವೂ ಓಡಿ, ಆಗಾಗ ಕೆಟ್ಟು, ರಿಪೇರಿಗೆ ಬಂದರೆ ಮಾತ್ರ ಆ ವಿದ್ಯೆ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ದೂರದ ಹೊರೆಯನ್ನು ಹೊಸ ಬೈಕು ಹೊತ್ತರೆ ಹಳೆಯದಕ್ಕೆ ಹತ್ತಿರದ, ನಿಧಾನದ ದಾರಿಗಳು ಉಳಿಯುತ್ತವೆ. ಆ ದಾರಿಗಳಿಗಾಗಿಯೇ ಅದು ಹುಟ್ಟಿದ್ದು.