ಕತಕಬೀಜವೂ ಜಲಪ್ರಸಾದನವೂ

ಕಲಕಿದ ನೀರನ್ನು ತಿಳಿಗೊಳಿಸುವ ಕತಕಬೀಜವು ಸಂಸ್ಕೃತ ವಾಙ್ಮಯದಲ್ಲಿ ಬಹು ಪ್ರಸಿದ್ಧವಾದ ದೃಷ್ಟಾಂತ. ಕನ್ನಡದಲ್ಲಿ ಇದಕ್ಕೆ ಚಿಲ್ಲದ ಬೀಜವೆಂದು ಹೆಸರು. ಕತಕದ ಹೆಸರನ್ನು ಉಚ್ಚರಿಸಿದ ಮಾತ್ರಕ್ಕೆ ನೀರು ತಿಳಿಯಾಗದೆಂದು ಹೇಳಿ, ಮನುಸ್ಮೃತಿಯ ಆರನೆಯ ಅಧ್ಯಾಯವು ವೇಷಕ್ಕಿಂತ ಆಚರಣೆ ಮೇಲೆಂಬುದನ್ನು ಬೋಧಿಸುವುದು. ಕಾಳಿದಾಸನು ಮಾಲವಿಕಾಗ್ನಿಮಿತ್ರದ ಎರಡನೆಯ ಅಂಕದಲ್ಲಿ ಇದನ್ನು ಕೆಸರನ್ನು ಕಡಿಯುವ ಫಲವೆಂದು ಮಾತ್ರ ಸೂಚಿಸಿ, ವಿದ್ವಾಂಸರ ಸಹವಾಸದಿಂದ ಮಂದನೂ ಚುರುಕಾಗುವನೆಂಬುದಕ್ಕೆ ಉಪಮಾನವಾಗಿ ತಂದಿರುವನು. ಶಂಕರಾಚಾರ್ಯರದೆಂದು ಪ್ರಸಿದ್ಧವಾದ ಆತ್ಮಬೋಧದಲ್ಲಿ ಅಜ್ಞಾನವನ್ನು ಕಳೆದ ಜ್ಞಾನವು ತಾನೂ ಲಯವಾಗುವುದಕ್ಕೆ ಕತಕದ ಪುಡಿಯೇ ಸಾದೃಶ್ಯ. ಈ ಸ್ಥಳಗಳನ್ನು ಪಾಠ ಹೇಳುವಾಗ ನಾವು ಉಪಮೇಯವನ್ನು ವಿಸ್ತರಿಸಿ ಉಪಮಾನವನ್ನು ಹಾಗೆಯೇ ಬಿಟ್ಟುಬಿಡುತ್ತೇವೆ. ಕತಕವು ನೀರಿನಿಂದ ಏನನ್ನು ತೆಗೆಯುವುದು, ಏನನ್ನು ಉಳಿಸುವುದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಮಂಗಳೂರಿನಂತಹ ಮಳೆಯ ಊರಿನವರಿಗೆ ಇದು ಕೇವಲ ಗ್ರಂಥದ ಪ್ರಶ್ನೆಯಲ್ಲ.

ಮೊದಲು ಶಾಸ್ತ್ರವನ್ನು ನೋಡೋಣ. ಸುಶ್ರುತಸಂಹಿತೆಯ ಸೂತ್ರಸ್ಥಾನದ 45ನೆಯ ಅಧ್ಯಾಯವು ದ್ರವದ್ರವ್ಯಗಳನ್ನು ಕುರಿತದ್ದು. ಕಲುಷವಾದ ನೀರನ್ನು ತಿಳಿಗೊಳಿಸಲು ಅಲ್ಲಿ ಏಳು ಸಾಧನಗಳು ಹೇಳಲ್ಪಟ್ಟಿವೆ: ಕತಕ, ಗೋಮೇದಕ, ತಾವರೆಯ ಗೆಡ್ಡೆಯ ಗಂಟು, ಶೈವಾಲದ ಬೇರು, ವಸ್ತ್ರ, ಮುತ್ತು, ಮಣಿ. ಆದರೆ ಕೆಟ್ಟ ನೀರಿಗೆ, ಎಂದರೆ ವ್ಯಾಪನ್ನಜಲಕ್ಕೆ, ಹೇಳಿರುವ ವಿಧಿಯು ಬೇರೆ. ಬೆಂಕಿಯಲ್ಲಿ ಕಾಯಿಸುವುದು, ಬಿಸಿಲಿಗಿಡುವುದು, ಕಾದ ಕಬ್ಬಿಣದ ಗುಂಡನ್ನೋ ಮರಳನ್ನೋ ಮಣ್ಣಹೆಂಟೆಯನ್ನೋ ಅದರಲ್ಲಿ ಅದ್ದುವುದು, ಇವು ಅದಕ್ಕೆ ವಿಹಿತ. ಸ್ಪರ್ಶ, ರೂಪ, ರಸ, ಗಂಧ, ವೀರ್ಯ, ವಿಪಾಕ ಎಂದು ಜಲದೋಷಗಳನ್ನು ಆರು ಬಗೆಯಾಗಿ ಎಣಿಸಿರುವುದನ್ನೂ ಇಲ್ಲಿ ಗಮನಿಸಬೇಕು. ಕಣ್ಣಿಗೆ ಕಾಣುವುದು ಇವುಗಳಲ್ಲಿ ಒಂದೇ. ಆದ್ದರಿಂದ ನೀರು ತಿಳಿಯಾಗುವುದು ಒಂದು, ನಿರ್ದೋಷವಾಗುವುದು ಇನ್ನೊಂದು ಎಂಬ ವಿವೇಕವು ಸುಶ್ರುತನ ಸಂಪ್ರದಾಯಕ್ಕೆ ಇದ್ದಿತೆಂಬುದು ಸ್ಪಷ್ಟ. ಕಾವ್ಯದಲ್ಲಿ ಮೊದಲನೆಯದು ಮಾತ್ರ ಉಳಿಯಿತು.

ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ದಕಾರ್ಗಲಾಧ್ಯಾಯದಲ್ಲಿ ಬಾವಿಯ ನೀರಿಗೆ ಒಂದು ಯೋಗವನ್ನು ಹೇಳಿರುವನು. ಅಂಜನ, ಮುಸ್ತೆ, ಲಾಮಂಚ, ರಾಜಕೋಶಾತಕ, ನೆಲ್ಲಿ, ಇವುಗಳ ಚೂರ್ಣವನ್ನು ಕತಕದೊಡನೆ ಹಾಕಿದರೆ ಕಲುಷವೂ ದುರ್ಗಂಧವೂ ಅರುಚಿಯೂ ತೊಲಗುವುವೆಂದು ಅವನ ಅಭಿಪ್ರಾಯ. ಬಾವಿಯ ತಳದಲ್ಲಿ ನೆಲ್ಲಿಮರದ ಹಲಗೆಯನ್ನಿಡುವ ನಮ್ಮ ಪಶ್ಚಿಮ ಕರಾವಳಿಯ ರೂಢಿಯು ಇಂತಹ ನಂಬಿಕೆಗೆ ಸಮೀಪವಾದುದು.

ಸುಶ್ರುತನು ದುಷ್ಟಜಲವನ್ನು ವರ್ಣಿಸುವಲ್ಲಿ ಕೀಟಮಲಾದಿಗಳೊಡನೆ ಹುಲ್ಲು ಮತ್ತು ತರಗೆಲೆಗಳ ರಾಶಿಯನ್ನೂ ಹೊಸಮಳೆಯ ನೀರನ್ನೂ ಹೆಸರಿಸಿರುವನು. ಎಲೆಗೆ ಇಲ್ಲಿ ಏಕೆ ಸ್ಥಾನ? ಎಲೆಯು ವಿಷವಲ್ಲವಲ್ಲ! ಉತ್ತರವು ಆಯುರ್ವೇದದ ಪರಿಭಾಷೆಯಲ್ಲಿಯೇ ಇದೆ. ಔಷಧಿಯನ್ನು ಜಜ್ಜಿ ಆರು ಪಾಲು ತಣ್ಣೀರಿನಲ್ಲಿ ರಾತ್ರಿಯೆಲ್ಲ ನೆನೆಯಿಟ್ಟು ಸೋಸಿದರೆ ಹಿಮಕಷಾಯವಾಗುವುದೆಂದು ಶಾರ್ಙ್ಗಧರನು ಹೇಳುವನು. ಕಾಡಿನ ನೆಲದಲ್ಲಿ ಕೊಳೆತ ತರಗೆಲೆಯ ಮೇಲೆ ಮಳೆ ಸುರಿದಾಗ ಆಗುವುದೂ ಇದೇ. ಎಲೆ, ತೊಗಟೆ, ಬೇರುಗಳ ಸಾರವು ನೀರಿನಲ್ಲಿ ಕರಗಿ, ಅದಕ್ಕೆ ಚಹದಂತಹ ಹೊಂಬಣ್ಣವನ್ನೂ ಒಗರನ್ನೂ ಕೊಡುವುದು. ಕೆಸರು ತೇಲುವ ವಸ್ತುವಾದುದರಿಂದ ನಿಲ್ಲಿಸಿದರೆ ತಳಕ್ಕಿಳಿಯುವುದು. ಕರಗಿದ ಸಾರವು ನಿಲ್ಲಿಸಿದರೂ ಇಳಿಯದು, ಬಟ್ಟೆಯಲ್ಲಿ ಸೋಸಿದರೂ ಹೋಗದು. ಇಂದಿನ ರಸಾಯನಶಾಸ್ತ್ರಜ್ಞರು ಇದನ್ನು ನೀರಿನ ಸಹಜ ಸಾವಯವ ದ್ರವ್ಯವೆಂದು ಕರೆಯುತ್ತಾರೆ.

ನೇತ್ರಾವತಿಯು ಪಶ್ಚಿಮಘಟ್ಟದಲ್ಲಿ ಹುಟ್ಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳವನ್ನು ಹಾದು ಮಂಗಳೂರಿನಲ್ಲಿ ಸಮುದ್ರವನ್ನು ಸೇರುವುದು. ನಗರಕ್ಕೆ ನೀರು ಬರುವುದು ಈ ನದಿಗೆ ತುಂಬೆಯಲ್ಲಿ ಕಟ್ಟಿರುವ ಕಿಂಡಿ ಅಣೆಕಟ್ಟಿನಿಂದ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕ ಮಳೆಯು ಕಾಡನ್ನೂ ಅಡಕೆ ತೋಟಗಳನ್ನೂ ತೊಳೆದು ಈ ಹೊಳೆಗೆ ಇಳಿಯುವುದು. ಬೇಸಗೆಯಲ್ಲಾದರೋ ಸ್ಥಿತಿಯು ವಿಪರೀತ. 2019ರಲ್ಲಿ ತುಂಬೆಯ ಸಂಗ್ರಹವು ಇಳಿದು ನಗರದಲ್ಲಿ ಸರದಿಯ ಮೇಲೆ ನೀರು ಬಿಡಬೇಕಾಯಿತು. ಮನೆಗಳ ಮುರಕಲ್ಲಿನ ಬಾವಿಗಳಲ್ಲಿಯೂ, ಮೇಲೆ ಮರವಿದ್ದರೆ, ಮೊದಲ ಮಳೆಗೆ ನೀರು ಬಣ್ಣಗೂಡುವುದನ್ನು ಕಂಡವರು ಅನೇಕರು. ಆಗ ನಾವು ಮಾಡುವುದೇನು? ಬ್ಲೀಚಿಂಗ್ ಪುಡಿಯನ್ನು ಸುರಿದು ನಿಶ್ಚಿಂತರಾಗುತ್ತೇವೆ.

ಈ ನಿಶ್ಚಿಂತೆಯೇ ವಿಚಾರಾರ್ಹ. ಹಾಲೆಂಡಿನ ರಾಟರ್‌ಡ್ಯಾಮಿನ ರೂಕ್ ಎಂಬ ವಿಜ್ಞಾನಿಯು ನೀರಿನ ಈ ಸಾವಯವ ಸಾರವೂ ಕ್ಲೋರೀನೂ ಕೂಡಿ ಕ್ಲೋರೋಫಾರ್ಮ್ ಮೊದಲಾದ ಹೊಸ ದ್ರವ್ಯಗಳು ಹುಟ್ಟುವುವೆಂದು 1974ರಲ್ಲಿ ಪ್ರಕಟಿಸಿದನು. ಅಂತಹ ನೀರನ್ನು ದೀರ್ಘಕಾಲ ಕುಡಿದರೆ ಅರ್ಬುದರೋಗವು ಬರಬಹುದೆಂಬ ಶಂಕೆಯಿದೆ. ಭಾರತೀಯ ಮಾನಕವು 2012ರ ಪರಿಷ್ಕರಣದಲ್ಲಿ ಲೀಟರಿಗೆ 0.2 ಮಿಲಿಗ್ರಾಮಿಗಿಂತ ಹೆಚ್ಚು ಕ್ಲೋರೋಫಾರ್ಮ್ ಇರಕೂಡದೆಂದು ವಿಧಿಸಿದೆ. ಇದಕ್ಕಿಂತ ಸಮೀಪದ ಅಪಾಯವು ಇನ್ನೊಂದು. ಎಲೆಯ ಸಾರವು ಕ್ಲೋರೀನನ್ನು ತಾನೇ ನುಂಗಿಬಿಡುವುದರಿಂದ ರೋಗಾಣುಗಳನ್ನು ಕೊಲ್ಲಲು ಅದು ಸಾಲದೆ ಹೋಗುವುದು. ಹಾಗೆಂದು ಕ್ಲೋರೀನನ್ನು ಬಿಡತಕ್ಕದ್ದಲ್ಲ. ರೋಗಾಣುವಿನ ಕೇಡು ಇಂದಿನದು, ಉಳಿದುದು ಬಹುಕಾಲದ್ದು. ಸರಿಯಾದ ಕ್ರಮವೆಂದರೆ ಪ್ರಸಾದನವು ಮೊದಲು, ರೋಗಾಣುನಾಶವು ಅನಂತರ.

ಕರಗಿದ ಸಾರವನ್ನು ತೆಗೆಯುವ ಬಗೆ ಹೇಗೆ? ಪಟಿಕವನ್ನು, ಇಲ್ಲವೆ ಕಬ್ಬಿಣದ ಲವಣವನ್ನು, ನೀರಿಗೆ ಬೆರಸಿದರೆ ಹತ್ತಿಯಂತಹ ಹಿಂಡುಗಳು ಕಟ್ಟಿಕೊಂಡು, ಕೆಸರನ್ನಲ್ಲದೆ ಕರಗಿದ ಸಾರದ ಬಹುಭಾಗವನ್ನೂ ಹಿಡಿದು ತಳಕ್ಕೆ ಎಳೆಯುವುವು. ನೀರು ತುಸು ಆಮ್ಲವಾಗಿದ್ದರೆ ಈ ಕೆಲಸವು ಇನ್ನೂ ಚೆನ್ನಾಗಿ ನಡೆಯುವುದು. ಅನಂತರ ಮರಳಿನಲ್ಲಿ ಸೋಸುವುದು. ಇಷ್ಟಾದರೂ ಉಳಿದುದನ್ನು ಹೀರಲು ವಿಶೇಷವಾಗಿ ಸಿದ್ಧಪಡಿಸಿದ ಇದ್ದಿಲು ಬೇಕು. ನಮ್ಮ ತೆಂಗಿನ ಗೆರಟೆಯೇ ಅದಕ್ಕೆ ಉತ್ತಮವಾದ ಮೂಲದ್ರವ್ಯ. ಕತಕವು ಕೆಸರನ್ನು ಹಿಡಿಯುವುದೇನೋ ದಿಟ. ಆದರೆ ಅದೂ ಒಂದು ಬೀಜವಾದುದರಿಂದ ಅದರ ಸಾರವೂ ಸ್ವಲ್ಪ ನೀರಿನಲ್ಲಿ ಕರಗಿ ನಿಲ್ಲುವುದು. ಒಗರಾದ ನೆಲ್ಲಿಗೂ ಇದೇ ಮಾತು ಸಲ್ಲುವುದು. ಕೆಸರಿನೊಡನೆ ಪುಡಿಯೂ ಪೂರ್ಣವಾಗಿ ಲಯವಾಗುವುದೆಂಬುದು ವೇದಾಂತದ ದೃಷ್ಟಾಂತಕ್ಕೆ ಸಾಕು, ಬಿಂದಿಗೆಯ ನೀರಿಗೆ ಸಾಲದು.

ಈ ವಿಚಾರದಿಂದ ಎರಡು ಅಂಶಗಳು ಸಿದ್ಧಿಸುವುವು. ಎಲ್ಲವೂ ಪೂರ್ವಿಕರಿಗೆ ತಿಳಿದಿತ್ತೆಂದು ಕತಕದ ಶ್ಲೋಕವನ್ನು ಸಾಕ್ಷಿಗೆ ಕರೆಯುವುದು ಶ್ಲೋಕಕ್ಕೂ ನ್ಯಾಯವಲ್ಲ, ನೀರಿಗೂ ನ್ಯಾಯವಲ್ಲ. ತರಗೆಲೆಯನ್ನು ದೋಷಗಳಲ್ಲಿ ಎಣಿಸಿ, ಪ್ರಸಾದನವನ್ನೂ ದೋಷಪರಿಹಾರವನ್ನೂ ಬೇರ್ಪಡಿಸಿದ ಸುಶ್ರುತನನ್ನು ಬರಿಯ ಹಳಬನೆಂದು ತಳ್ಳುವುದೂ ಅವಿಚಾರವೇ. ಆ ಭೇದವನ್ನು ಅಧ್ಯಾಪಕರು ಪಾಠದಲ್ಲಿ ಎತ್ತಿ ತೋರಿಸಿದರೆ, ಮನೆಗೆ ಹೋದ ವಿದ್ಯಾರ್ಥಿಯು ಮಳೆಗಾಲಕ್ಕೆ ಮೊದಲೇ ಬಾವಿಯ ತರಗೆಲೆಯನ್ನು ತೆಗೆಸಿ, ಬಾಯಿಗೆ ಬಲೆ ಹಾಸಿಯಾನು. ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದೆಂದ ಸ್ಮೃತಿಕಾರನ ಮಾತಿಗೆ ಅದೇ ತಕ್ಕ ವ್ಯಾಖ್ಯಾನ.