ಬತ್ತೇರಿ, ಬಾವುಟ, ಕಾಟಕಾಯಿ: ಮಂಗಳೂರಿನ ಯುದ್ಧಪದಗಳು ಮತ್ತು ಜನಸ್ಮೃತಿ

ಯುದ್ಧವು ತನ್ನದೇ ಆದ ಪದಕೋಶವೊಂದನ್ನು ನಿರ್ಮಿಸಿಕೊಳ್ಳುತ್ತದೆ. ಸೇನೆಯ ಸಂಕೇತನಾಮಗಳು ಸಾಮಾನ್ಯವಾಗಿ ಎರಡು ಉದ್ದೇಶಗಳನ್ನು ಪೂರೈಸುತ್ತವೆ. ಒಂದು, ಶತ್ರುವಿನಿಂದ ವಿಷಯವನ್ನು ಮರೆಮಾಡುವುದು; ಇನ್ನೊಂದು, ತನ್ನವರಿಗೆ ಉದ್ದೇಶವನ್ನು ಸಾರುವುದು. 1961ರ ಗೋವಾ ವಿಮೋಚನೆಯ ಕಾರ್ಯಾಚರಣೆಗೂ 1999ರ ಕಾರ್ಗಿಲ್ ಕಾರ್ಯಾಚರಣೆಗೂ ಭಾರತೀಯ ಸೇನೆಯು 'ವಿಜಯ್' ಎಂಬ ಒಂದೇ ಹೆಸರನ್ನಿಟ್ಟಿತು. ಇದು ಎರಡನೆಯ ಉದ್ದೇಶಕ್ಕೆ ಉತ್ತಮ ನಿದರ್ಶನ. ಆದರೆ ಕಾರ್ಯಾಲಯಗಳಲ್ಲಿ ಹುಟ್ಟುವ ಹೆಸರುಗಳಲ್ಲದೆ, ದಂಡು ಹಾದುಹೋದ ನೆಲದ ಜನರು ಇಟ್ಟ ಹೆಸರುಗಳೂ ಇವೆ. ಇವು ದಾಖಲೆಗಳಿಗಿಂತ ಹೆಚ್ಚಾಗಿ ಸ್ಥಳನಾಮಗಳಲ್ಲಿ, ಮಾತಿನಲ್ಲಿ, ಐತಿಹ್ಯಗಳಲ್ಲಿ ಉಳಿದಿರುತ್ತವೆ. ಮಂಗಳೂರು ನಗರ ಮತ್ತು ಅದರ ಪರಿಸರದಲ್ಲಿ ಉಳಿದುಬಂದಿರುವ ಇಂತಹ ಕೆಲವು ಪದಗಳ ಪರಿಶೀಲನೆ ಪ್ರಸ್ತುತ ಪ್ರಬಂಧದ ಉದ್ದೇಶ.

ಕಾಲಾನುಕ್ರಮದಲ್ಲಿ ಮೊದಲು ಗಮನಿಸಬೇಕಾದುದು 'ಬತ್ತೇರಿ' ಎಂಬ ಪದ. 1783ರ ಮೇ ತಿಂಗಳಿನಿಂದ ಟಿಪ್ಪು ಸುಲ್ತಾನನ ಸೈನ್ಯವು ಮಂಗಳೂರು ಕೋಟೆಯನ್ನು ಮುತ್ತಿತ್ತು. ಕೋಟೆಯೊಳಗಿದ್ದ ಕಂಪೆನಿ ಪಡೆಯ ಅಧಿಕಾರಿ ಕರ್ನಲ್ ಕ್ಯಾಂಪ್‌ಬೆಲ್ 1784ರ ಜನವರಿ ಕೊನೆಯಲ್ಲಿ ಶರಣಾದನು. ಅದೇ ವರ್ಷದ ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು. ಗುರುಪುರ ಹೊಳೆಯ ಮುಖಕ್ಕೆ ಶತ್ರುನೌಕೆಗಳು ನುಗ್ಗದಂತೆ ಕಾಯಲು ಬೋಳೂರಿನಲ್ಲಿ ಕಪ್ಪುಕಲ್ಲಿನ ಕಾವಲುಗೋಪುರವೊಂದು ಎದ್ದದ್ದು ಇದೇ ಅವಧಿಯಲ್ಲಿ. ಒಂದೇ ಗುರಿಗೆ ಹೂಡಿದ ಫಿರಂಗಿಗಳ ಸಾಲಿಗೆ ಐರೋಪ್ಯ ಸೇನೆಗಳು ಬಳಸುತ್ತಿದ್ದ 'ಬ್ಯಾಟರಿ' ಎಂಬ ಪದವು ಇಲ್ಲಿ 'ಬತ್ತೇರಿ'ಯಾಗಿ, ಸುಲ್ತಾನ್ ಬತ್ತೇರಿ ಎಂಬ ಊರಹೆಸರಾಗಿ ನೆಲೆಗೊಂಡಿತು. ವಯನಾಡಿನ ಸುಲ್ತಾನ್ ಬತ್ತೇರಿಯೂ ಇದೇ ಬಗೆಯ ಹೆಸರು.

ಇಲ್ಲಿ ಒಂದು ವೈಚಿತ್ರ್ಯವಿದೆ. ಟಿಪ್ಪು ತನ್ನ ಸೇನಾಶಾಸನವಾದ 'ಫತ್‌ಹುಲ್ ಮುಜಾಹಿದೀನ್' ಮೂಲಕ ಕವಾಯತಿನ ಐರೋಪ್ಯ ಆಜ್ಞಾಪದಗಳನ್ನು ಕೈಬಿಟ್ಟು ಪರ್ಷಿಯನ್ ಪದಗಳನ್ನು ಜಾರಿಗೆ ತಂದವನು. ಅವನ ದಳಗಳಿಗೆ 'ಕುಶೂನ್', 'ರಿಸಾಲ', 'ಜೌಕ್' ಎಂಬ ಹೆಸರುಗಳಿದ್ದವು. ಇಂತಹ ಸೈನ್ಯವು ತನ್ನ ಗೋಪುರವನ್ನು 'ಬ್ಯಾಟರಿ' ಎಂದು ಕರೆದಿರುವ ಸಾಧ್ಯತೆ ಕಡಿಮೆ. ಹೆಸರಿನ ಮೊದಲ ಭಾಗ ಕಟ್ಟಿಸಿದವನದು, ಎರಡನೆಯ ಭಾಗ ಅವನ ಎದುರಾಳಿಗಳ ಭಾಷೆಯದು. ಇವೆರಡನ್ನೂ ಜೋಡಿಸಿ ಉಳಿಸಿಕೊಂಡವರು ಸ್ಥಳೀಯ ಜನರು. ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ಬೆಳ್ತಂಗಡಿ ಸಮೀಪದ ಜಮಾಲಾಬಾದ್. ಟಿಪ್ಪು ಕಟ್ಟಿಸಿದ ಈ ಕೋಟೆಗೆ ಅವನ ತಾಯಿಯ ನೆನಪಿನಲ್ಲಿ ಈ ಹೆಸರಿಡಲಾಯಿತೆಂದು ಹೇಳಲಾಗುತ್ತದೆ. ದಾಖಲೆಗಳಲ್ಲಿ ಆ ಹೆಸರು ನಿಂತಿದೆಯಾದರೂ ಊರವರ ಬಾಯಲ್ಲಿ ಆ ಬಂಡೆ ಇಂದಿಗೂ 'ಗಡಾಯಿಕಲ್ಲು'. ಆಳುವವರು ಇಟ್ಟ ಹೆಸರುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆಯನ್ನು ಜನಸಮುದಾಯವು ತಾನೇ ಮಾಡಿಕೊಳ್ಳುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಆಯ್ಕೆಯ ಮಹತ್ವ ತೀವ್ರವಾಗಿ ವ್ಯಕ್ತವಾಗುವುದು 1837ರ ಘಟನೆಗಳಲ್ಲಿ. 1834ರಲ್ಲಿ ಕೊಡಗಿನ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಕಂಪೆನಿ ಸರಕಾರವು ಕೊಡಗಿಗೆ ಸೇರಿದ್ದ ಅಮರಸುಳ್ಯ ಮಾಗಣೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅರಸರ ಕಾಲದಲ್ಲಿ ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಇನ್ನು ನಗದಿನಲ್ಲಿ ಕಟ್ಟಬೇಕಾಯಿತು. ಹಣಕ್ಕಾಗಿ ರೈತನು ವರ್ತಕನ ಮುಂದೆ ಕೈಯೊಡ್ಡುವುದು ಅನಿವಾರ್ಯವಾಯಿತು. ಈ ಅಸಮಾಧಾನವೇ ಸುಳ್ಯ ಸೀಮೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ಮುಂದಾಳತ್ವದಲ್ಲಿ ಬಂಡಾಯವಾಗಿ ರೂಪುಗೊಂಡಿತು. ಮಾರ್ಚ್ ಕೊನೆಯಲ್ಲಿ ಬೆಳ್ಳಾರೆಯ ಖಜಾನೆ ವಶವಾಯಿತು. ಪುತ್ತೂರು, ಬಂಟ್ವಾಳಗಳ ಮಾರ್ಗವಾಗಿ ಹೊರಟ ದಂಡು ಏಪ್ರಿಲ್ 5ರಂದು ಮಂಗಳೂರನ್ನು ಹಿಡಿಯಿತು. ನಂದಾವರದ ಬಂಗರಸನೂ ಇವರೊಡನೆ ಕೂಡಿಕೊಂಡನು. ಸುಮಾರು ಎರಡು ವಾರಗಳ ಕಾಲ ನಗರವು ಕಂಪೆನಿಯ ಕೈತಪ್ಪಿತ್ತು.

ಈ ಬಂಡಾಯದ ನಾಯಕನ ಹೆಸರೇ ಒಂದು ಸಂಕೇತನಾಮವಾಗಿತ್ತು. ಕೊಡಗಿನ ರಾಜವಂಶದ ಹಕ್ಕುದಾರರೆಂದು ಹೇಳಿಕೊಂಡ ಅಪರಂಪಾರ ಮತ್ತು ಕಲ್ಯಾಣಸ್ವಾಮಿ ಎಂಬ ಇಬ್ಬರನ್ನೂ ಕಂಪೆನಿಯು ಈ ಹೊತ್ತಿಗಾಗಲೇ ಸೆರೆಹಿಡಿದಿತ್ತು. ಆಗ ಶನಿವಾರಸಂತೆಯ ಕಡೆಯ ಪುಟ್ಟಬಸಪ್ಪನೆಂಬಾತನು ಕಲ್ಯಾಣಸ್ವಾಮಿಯ ಹೆಸರನ್ನು ಧರಿಸಿ ಮುಂದೆ ನಿಂತನು. ಉಪ್ಪು ಮತ್ತು ಹೊಗೆಸೊಪ್ಪಿನ ಮೇಲಿನ ಸುಂಕ ರದ್ದಾಯಿತೆಂದು ಸಾರುವ ನಿರೂಪಗಳು ಆ ಹೆಸರಿನಲ್ಲಿಯೇ ಹೊರಟವು. ಅರಸನ ಹೆಸರಿಲ್ಲದ ನಿರೂಪಕ್ಕೆ ಅಂದಿನ ಸಮಾಜದಲ್ಲಿ ಬೆಲೆ ಇರಲಿಲ್ಲ. ಆದ್ದರಿಂದ ಈ ಹೆಸರು ವ್ಯಕ್ತಿಯನ್ನು ಮರೆಮಾಡುವುದರ ಜೊತೆಗೆ ಅಧಿಕಾರವನ್ನೂ ಸಾರುತ್ತಿತ್ತು. 1830ರ ನಗರ ದಂಗೆಯಲ್ಲಿ ಬೂದಿ ಬಸವಪ್ಪನು ನಗರ ಸಂಸ್ಥಾನದ ವಾರಸುದಾರನೆಂದು ಹೇಳಿಕೊಂಡದ್ದೂ, ಸಂಗೊಳ್ಳಿ ರಾಯಣ್ಣನು ಕಿತ್ತೂರಿನ ದತ್ತುಪುತ್ರನ ಹೆಸರಿನಲ್ಲಿ ಹೋರಾಡಿದ್ದೂ ಇದೇ ಮಾದರಿಯವು. ಇಂಗ್ಲೆಂಡಿನಲ್ಲಿಯೂ 1811ರ ನಂತರದ ನೇಕಾರರ ದಂಗೆಯಲ್ಲಿ 'ನೆಡ್ ಲಡ್', 1830ರ ಕೃಷಿಕೂಲಿಗಳ ದಂಗೆಯಲ್ಲಿ 'ಕ್ಯಾಪ್ಟನ್ ಸ್ವಿಂಗ್' ಎಂಬ ಕಲ್ಪಿತ ನಾಯಕರ ಹೆಸರಿನಲ್ಲಿ ಪತ್ರಗಳು ಹೊರಡುತ್ತಿದ್ದವು. ಆದರೆ ಅಲ್ಲಿಯವು ಆಳಿಲ್ಲದ ಹೆಸರುಗಳು. ಇಲ್ಲಿ ಹೆಸರನ್ನು ಹೊತ್ತವನು ಅದಕ್ಕಾಗಿ ಪ್ರಾಣವನ್ನೇ ತೆರಬೇಕಾಯಿತು. ಕಂಪೆನಿಯ ದೃಷ್ಟಿಯಲ್ಲಿ ಅವನು ವೇಷಧಾರಿ. ಜನರ ಬಾಯಲ್ಲಿ ಮಾತ್ರ ಅವನು 'ಕಲ್ಯಾಣಪ್ಪ'ನಾಗಿಯೇ ಉಳಿದನು. ನಿರಂಜನರು ಈ ವಸ್ತುವನ್ನು ಆಧರಿಸಿ ಬರೆದ ಕಾದಂಬರಿಯ ಹೆಸರೂ 'ಕಲ್ಯಾಣಸ್ವಾಮಿ' ಎಂದೇ ಇದೆ.

ಮಂಗಳೂರಿನ ದೀಪಸ್ತಂಭದ ಗುಡ್ಡಕ್ಕೆ 'ಬಾವುಟಗುಡ್ಡೆ' ಎಂಬ ಹೆಸರಿದೆ. ಬಂಡಾಯಗಾರರು ಕಂಪೆನಿಯ ಧ್ವಜವನ್ನಿಳಿಸಿ ತಮ್ಮದನ್ನು ಏರಿಸಿದ್ದರಿಂದ ಈ ಹೆಸರು ಬಂದಿತೆಂಬುದು ಜನಶ್ರುತಿ. 'ಬಾವುಟ' ಎಂಬ ಪದ ಯಾರ ಬಾವುಟವೆಂದು ಹೇಳುವುದಿಲ್ಲ. ಆ ಅರ್ಥವನ್ನು ತುಂಬುವುದು ಐತಿಹ್ಯ. ಸೋತ ಪಕ್ಷದ ಎರಡು ವಾರಗಳ ಆಳ್ವಿಕೆಯನ್ನು ಒಂದು ಗುಡ್ಡದ ಹೆಸರಿನೊಂದಿಗೆ ಜೋಡಿಸಿ ಕಾಪಿಟ್ಟುಕೊಂಡ ಸ್ಮೃತಿಯ ಬಗೆ ಗಮನಾರ್ಹವಾದುದು. 2022ರ ನವೆಂಬರಿನಲ್ಲಿ ಅದೇ ಸ್ಥಳದಲ್ಲಿ ರಾಮಯ್ಯ ಗೌಡರ ಪ್ರತಿಮೆ ಸ್ಥಾಪಿತವಾದುದಕ್ಕೂ ಈ ಸ್ಮೃತಿಯೇ ಆಧಾರ. ನಾಯಕರಲ್ಲಿ ಕೆಲವರನ್ನು ಗಲ್ಲಿಗೇರಿಸಿದ ಸ್ಥಳವಾಗಿ ನಗರದ ಬಿಕರ್ನಕಟ್ಟೆಯೂ ಜನರ ನೆನಪಿನಲ್ಲಿದೆ. ಗುಡ್ಡೆಮನೆ ಅಪ್ಪಯ್ಯ ಗೌಡನನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು.

ಗೆದ್ದವರೂ ತಮ್ಮ ಹೆಸರನ್ನು ಕನ್ನಡದಲ್ಲಿಯೇ ಕೆತ್ತಿಸಿದರು. ತನಗೆ ನಿಷ್ಠರಾಗಿ ನಿಂತ ಕೊಡಗರಿಗೆ ಕಂಪೆನಿಯು ನೀಡಿದ ಪದಕದ ಒಂದು ಮುಖದಲ್ಲಿ ಕೊಡಗಿನ ಯೋಧನ ಚಿತ್ರವೂ ಕನ್ನಡ ಬರಹವೂ ಇವೆ. 1837ರ ಏಪ್ರಿಲ್ ಮತ್ತು ಮೇ ತಿಂಗಳುಗಳ ದಂಗೆಯನ್ನು ಅಡಗಿಸುವಲ್ಲಿ ತೋರಿದ ನಿಷ್ಠೆಗೆ ಕೊಟ್ಟ ಗುರುತು ಎಂಬುದು ಅದರ ಆಶಯ. ಅಂದರೆ ಒಂದೇ ಭಾಷೆಯಲ್ಲಿ ಒಂದೇ ಘಟನೆಗೆ ಎರಡು ಹೆಸರುಗಳು ಏಕಕಾಲಕ್ಕೆ ಸಿದ್ಧವಾದವು: ಲೋಹದ ಮೇಲಿನದು ಒಂದು, ನಾಲಗೆಯ ಮೇಲಿನದು ಇನ್ನೊಂದು.

ನಾಲಗೆಯ ಮೇಲೆ ಉಳಿದ ಹೆಸರು 'ಕಲ್ಯಾಣಪ್ಪನ ಕಾಟಕಾಯಿ'. ಈ ಪದವನ್ನು ಎರಡು ರೀತಿಯಲ್ಲಿ ಬಿಡಿಸಬಹುದು. ಸೈನ್ಯ, ಸೇನಾಬೀಡು ಎಂಬ ಅರ್ಥದ 'ಕಟಕ'ದಿಂದ ಬಂದುದಾದರೆ ಅದು ದಂಡಯಾತ್ರೆ ಎಂದಾಗುತ್ತದೆ. 'ಕಾಟ', 'ಕಾಟಕ'ಗಳಿಂದ ಬಂದುದಾದರೆ ಉಪಟಳ, ಸುಲಿಗೆ ಎಂದಾಗುತ್ತದೆ. ಮೊದಲ ವಿವರಣೆಗೆ ಆದಿಸ್ವರ ದೀರ್ಘವಾದುದಕ್ಕೆ ಕಾರಣ ಹೇಳಬೇಕಾಗುತ್ತದೆ. ರೂಪದ ದೃಷ್ಟಿಯಿಂದ ಎರಡನೆಯದು ಹತ್ತಿರ. ಕೊನೆಯ 'ಆಯಿ' ಎಂಬುದನ್ನು ಲಡಾಯಿ, ಚಢಾಯಿಗಳೊಂದಿಗೆ ಹೋಲಿಸಬಹುದು. ಹೋರಾಟವನ್ನು ಸುಲಿಗೆಯೆಂದು ಹೀಗಳೆಯುವ ಧ್ವನಿ ಇದರಲ್ಲಿದೆಯೆಂಬ ಕಾರಣಕ್ಕೆ ಈಚಿನ ಬರಹಗಳಲ್ಲಿ 'ಅಮರಸುಳ್ಯ ರೈತ ಬಂಡಾಯ', 'ಅಮರಸುಳ್ಯ ಸ್ವಾತಂತ್ರ್ಯ ಸಮರ' ಎಂಬ ಹೆಸರುಗಳು ಬಳಕೆಗೆ ಬಂದಿವೆ. 1857ಕ್ಕಿಂತ 20 ವರ್ಷ ಮೊದಲೇ ನಡೆದ ಹೋರಾಟಕ್ಕೆ ಸಲ್ಲಬೇಕಾದ ಗೌರವವಿದು ಎಂಬುದು ನಿಜ.

ಆದರೆ ಹೊಸ ಹೆಸರಿನ ಭರದಲ್ಲಿ ಹಳೆಯ ಪದವನ್ನು ಅಳಿಸಿಹಾಕುವುದು ಉಚಿತವಲ್ಲ. ಕಂದಾಯದ ಭಾರದಿಂದ ಬಳಲಿದ್ದ ರೈತನಿಗೆ ದಂಡು ಬರುವುದೆಂದರೆ ಬಿಡುಗಡೆಯ ಭರವಸೆ. ಅದೇ ದಂಡಿನ ದಾರಿಯಲ್ಲಿ ಉಗ್ರಾಣವಿದ್ದ ವರ್ತಕನಿಗೆ ಅದು ಭಯ. 'ಕಾಟಕಾಯಿ' ಎಂಬ ಪದದಲ್ಲಿ ಈ ಎರಡೂ ಅನುಭವಗಳಿಗೆ ಎಡೆಯಿದೆ. 'ದಂಗೆ' ಎಂಬುದು ಸರಕಾರದ ಮಾತು, 'ಸಮರ' ಎಂಬುದು ಅಭಿಮಾನಿಗಳ ಮಾತು. ಇವೆರಡರಲ್ಲಿಯೂ ಒಂದೊಂದು ಪಕ್ಷವೇ ಮಾತನಾಡುತ್ತದೆ. ಕಂಡವರ, ಉಂಡವರ, ನೊಂದವರ ಧ್ವನಿಗಳು ಕೂಡಿರುವುದು ಜನರ ಪದದಲ್ಲಿ. ಯುದ್ಧದ ಇತಿಹಾಸವನ್ನು ಬರೆಯುವವರು ಹೆಸರನ್ನು ತಿದ್ದುವ ಮೊದಲು, ಆ ಹೆಸರನ್ನು ಇಟ್ಟವರು ಎಲ್ಲಿ ನಿಂತು ದಂಡನ್ನು ನೋಡಿದರು ಎಂಬುದನ್ನು ಕೇಳಿಕೊಳ್ಳುವುದು ಅಗತ್ಯ.