ದೂರದರ್ಶಕ, ಛಾಯಾಫಲಕ ಮತ್ತು ನಮ್ಮ ನಾಡಿನ ಕತ್ತಲೆ

ನಿರ್ಮಲವಾದ ಅಮಾವಾಸ್ಯೆಯ ರಾತ್ರಿ ಆಕಾಶವನ್ನು ನೋಡಿದವರಲ್ಲಿ ಎರಡು ಆಸೆಗಳು ಹುಟ್ಟುವುದು ಸಹಜ. ಕಂಡುದನ್ನು ಇನ್ನೂ ಹತ್ತಿರದಿಂದ ನೋಡಬೇಕೆಂಬುದು ಮೊದಲನೆಯದು. ಕಂಡುದನ್ನು ಉಳಿಸಿಕೊಳ್ಳಬೇಕೆಂಬುದು ಎರಡನೆಯದು. ಮೊದಲನೆಯ ಆಸೆಯನ್ನು ದೂರದರ್ಶಕವೂ ಎರಡನೆಯದನ್ನು ಛಾಯಾಗ್ರಹಣವೂ ಪೂರೈಸಿದುವು. ಇವುಗಳ ಚರಿತ್ರೆಯೆಂದರೆ ದೊಡ್ಡ ವೇಧಶಾಲೆಗಳ ಚರಿತ್ರೆಯೆಂದೇ ಸಾಮಾನ್ಯವಾಗಿ ಭಾವಿಸುವುದುಂಟು. ಆದರೆ ದೂರದ ನೀಹಾರಿಕೆಗಳ ಚಿತ್ರವನ್ನು ಮೊದಲು ಹಿಡಿದವರು ಸಂಬಳಕ್ಕಾಗಿ ಆಕಾಶವನ್ನು ನೋಡಿದವರಲ್ಲ. ಆ ಹವ್ಯಾಸಿಗಳ ಕಥೆಯನ್ನೂ, ಅದರಲ್ಲಿ ನಮ್ಮ ನಾಡಿಗೆ ಸೇರಿದ ಭಾಗವನ್ನೂ ಇಲ್ಲಿ ಸಂಗ್ರಹವಾಗಿ ನಿರೂಪಿಸಿ, ಕೊನೆಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಆಕಾಶಕ್ಕೆ ಬರಬೇಕೆಂಬುದು ನಮ್ಮ ಉದ್ದೇಶ.

ಕಣ್ಣಿಗೂ ಛಾಯಾಫಲಕಕ್ಕೂ ಒಂದು ಮುಖ್ಯವಾದ ಭೇದವುಂಟು. ಕ್ಷಣಮಾತ್ರದಲ್ಲಿ ಕಾಣದುದನ್ನು ಕಣ್ಣು ಗಂಟೆಗಟ್ಟಲೆ ನೋಡಿದರೂ ಕಾಣಲಾರದು. ಫಲಕವಾದರೋ ಹನಿ ಹನಿಯಾಗಿ ಬಿದ್ದ ಬೆಳಕನ್ನೆಲ್ಲ ಕೂಡಿಸಿಟ್ಟುಕೊಳ್ಳುತ್ತದೆ. ಆದರೆ ಭೂಮಿಯು ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿಯಂತೆ ತಿರುಗುತ್ತಿರುವುದರಿಂದ ನಕ್ಷತ್ರಗಳು ಫಲಕದ ಮೇಲೆ ಜಾರಿ ಗೆರೆಗಳಾಗುತ್ತವೆ. ಇದನ್ನು ತಡೆಯಬೇಕಾದರೆ ಭೂಮಿಯ ಅಕ್ಷಕ್ಕೆ ಸಮಾನಾಂತರವಾದ ಅಕ್ಷದ ಮೇಲೆ ಯಂತ್ರವನ್ನು ನಿಲ್ಲಿಸಿ, ಗಡಿಯಾರದ ಚಕ್ರಗಳಿಂದ ನಕ್ಷತ್ರದ ಜೊತೆಯಲ್ಲಿಯೇ ತಿರುಗಿಸಬೇಕು. ಮಸೂರವು ಎಷ್ಟೇ ದೊಡ್ಡದಾಗಿರಲಿ, ಈ ಪೀಠವು ನಡುಗಿದರೆ ಚಿತ್ರವು ಕೆಟ್ಟಿತು.

ಈ ವಿದ್ಯೆಯ ಬಾಲ್ಯವು ನಮ್ಮ ದೇಶದ ಗ್ರಹಣಗಳೊಡನೆ ಹೆಣೆದುಕೊಂಡಿದೆ. ೧೮೬೮ನೆಯ ಇಸವಿಯ ಆಗಸ್ಟ್ ೧೮ರ ಪೂರ್ಣ ಸೂರ್ಯಗ್ರಹಣವನ್ನು ನೋಡುವುದಕ್ಕೆ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬಾತನು, ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗನು, ನಮ್ಮ ಜಮಖಂಡಿಯಲ್ಲಿ ಬಿಡಾರ ಹೂಡಿದ್ದನು. ೧೮೭೧ನೆಯ ಇಸವಿಯ ಡಿಸೆಂಬರ್ ೧೨ರ ಗ್ರಹಣಕ್ಕಾಗಿ ನಾರ್ಮನ್ ಲಾಕಿಯರನ ತಂಡವು ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ, ಈಗ ಕಾಸರಗೋಡಿನಲ್ಲಿರುವ ಬೇಕಲದ ಕೋಟೆಗೆ ಬಂದಿಳಿಯಿತು. ಲಾರ್ಡ್ ಲಿಂಡ್ಸೆ ಎಂಬ ಹವ್ಯಾಸಿ ಶ್ರೀಮಂತನು ಕಳುಹಿಸಿದ್ದ ಡೇವಿಸ್ ಎಂಬ ಛಾಯಾಗ್ರಾಹಕನು ಅಲ್ಲಿ ಸೂರ್ಯನ ಪ್ರಭಾವಲಯದ ಚಿತ್ರಗಳನ್ನು ತೆಗೆದನು. ಕನ್ನಡ ಕರಾವಳಿಯ ಆಕಾಶವು ಗಾಜಿನ ಮೇಲೆ ಮೂಡಿ ಲೋಕಕ್ಕೆ ತಿಳಿದುದು ಹೀಗೆ.

ಆ ಕಾಲದ ಫಲಕಗಳು ಒದ್ದೆಯವು. ಲೇಪನವು ಒಣಗುವುದಕ್ಕೆ ಮೊದಲೇ ಬೆಳಕಿಗೆ ಒಡ್ಡಿ ತೊಳೆಯಬೇಕು. ಅದಕ್ಕೆ ದೊರೆಯುತ್ತಿದ್ದುದು ಕೆಲವೇ ನಿಮಿಷ. ಪ್ರಕಾಶಮಾನವಾದ ಪ್ರಭಾವಲಯಕ್ಕೆ ಅಷ್ಟು ಸಾಕು, ನೀಹಾರಿಕೆಗೆ ಸಾಲದು. ಒಣ ಫಲಕಗಳು ಬಳಕೆಗೆ ಬಂದ ಮೇಲೆಯೇ ಬಾಗಿಲು ತೆರೆಯಿತು. ೧೮೮೦ನೆಯ ಇಸವಿಯ ಸೆಪ್ಟೆಂಬರ್ ೩೦ರಂದು ನ್ಯೂಯಾರ್ಕಿನ ವೈದ್ಯ ಹೆನ್ರಿ ಡ್ರೇಪರನು ೧೧ ಅಂಗುಲದ ದೂರದರ್ಶಕಕ್ಕೆ ಫಲಕವನ್ನು ಜೋಡಿಸಿ, ೫೧ ನಿಮಿಷ ಬೆಳಕನ್ನು ಕೂಡಿಸಿ, ಮಹಾವ್ಯಾಧದ ನೀಹಾರಿಕೆಯ ಚಿತ್ರವನ್ನು ಪಡೆದನು. ಗಾಢಾಕಾಶದ ಛಾಯಾಗ್ರಹಣದ ಹುಟ್ಟುಹಬ್ಬ ಅಂದೇ. ಮೂರು ವರ್ಷಗಳಲ್ಲಿ ಇಂಗ್ಲೆಂಡಿನ ಆಂಡ್ರೂ ಕಾಮನ್ ಎಂಬ ನೈರ್ಮಲ್ಯದ ಇಂಜಿನಿಯರು ತನ್ನ ಮನೆಯ ತೋಟದಲ್ಲಿ ನಿಲ್ಲಿಸಿದ ೩೬ ಅಂಗುಲದ ದರ್ಪಣದಿಂದ ಅದೇ ನೀಹಾರಿಕೆಯನ್ನು ಹಿಡಿದಾಗ, ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದರೂ ಕಾಣದ ನಕ್ಷತ್ರಗಳು ಫಲಕದಲ್ಲಿ ಕಂಡುಬಂದುವು. ೧೮೮೮ರಲ್ಲಿ ಲಿವರ್‌ಪೂಲಿನ ಕಟ್ಟಡಗಳ ಕಂಟ್ರಾಕ್ಟರ್ ಐಸಾಕ್ ರಾಬರ್ಟ್ಸನು ೨೦ ಅಂಗುಲದ ಗ್ರಬ್ ದರ್ಪಣದಿಂದ ದೇವಯಾನಿ ನೀಹಾರಿಕೆಯ ಸುರುಳಿಯ ಆಕಾರವನ್ನು ಬಯಲಿಗೆ ತಂದನು. ಒಬ್ಬ ವೈದ್ಯ, ಒಬ್ಬ ಇಂಜಿನಿಯರು, ಒಬ್ಬ ಕಂಟ್ರಾಕ್ಟರು. ಹಗಲಿನ ದುಡಿಮೆಯಿಂದ ಗಳಿಸಿದುದನ್ನು ಇವರು ರಾತ್ರಿಗೆ ವೆಚ್ಚಮಾಡಿದರು.

ದೊಡ್ಡ ಯಂತ್ರವಿಲ್ಲದವನ ಕಥೆಯೂ ಒಂದುಂಟು. ಎಡ್ವರ್ಡ್ ಬಾರ್ನಾರ್ಡನು ಕಡುಬಡತನದಲ್ಲಿ ಹುಟ್ಟಿ, ಒಂಬತ್ತನೆಯ ವಯಸ್ಸಿಗೇ ಛಾಯಾಚಿತ್ರದ ಅಂಗಡಿಯ ಆಳಾದವನು. ೧೮೮೯ರಿಂದ ಲಿಕ್ ವೇಧಶಾಲೆಯಲ್ಲಿ ಆತನು ಆಕಾಶಗಂಗೆಯ ಅಪೂರ್ವ ಚಿತ್ರಗಳನ್ನು ತೆಗೆದುದು ಅಲ್ಲಿದ್ದ ೩೬ ಅಂಗುಲದ ಪ್ರಸಿದ್ಧ ದೂರದರ್ಶಕದಿಂದಲ್ಲ. ಮನುಷ್ಯರ ಮುಖಚಿತ್ರ ತೆಗೆಯುವುದಕ್ಕೆಂದು ಮಾಡಿದ್ದ ಆರು ಅಂಗುಲದ ಹಳೆಯ ಮಸೂರದಿಂದ.

ನಮ್ಮ ದೇಶದಲ್ಲಿಯೂ ಈ ಆಸೆ ಹಿಂದುಳಿಯಲಿಲ್ಲ. ಪುಣೆಯ ವಿಜ್ಞಾನ ಕಾಲೇಜಿನ ಅಧ್ಯಾಪಕರಾದ ಕಾವಸ್‌ಜಿ ನಾಯಗಂವಾಲಾ ಅವರು ಭಾವನಗರದ ಮಹಾರಾಜರ ಉದಾರ ಸಹಾಯದಿಂದ ೨೦ ಅಂಗುಲದ ಗ್ರಬ್ ದೂರದರ್ಶಕವನ್ನು ತರಿಸಿದರು. ದಶಕಗಳ ಕಾಲ ಭಾರತದಲ್ಲಿ ಅದಕ್ಕಿಂತ ದೊಡ್ಡದು ಇರಲಿಲ್ಲ. ಅವರು ನಿವೃತ್ತರಾದ ಮೇಲೆ, ೧೯೧೨ರಲ್ಲಿ, ಅದು ಕೊಡೈಕನಾಲಿಗೆ ಹೋಯಿತು. ಅಲ್ಲಿನ ಕೆಲಸವೆಲ್ಲ ಸೂರ್ಯನದು. ರಾತ್ರಿಯ ಯಂತ್ರಕ್ಕೆ ನೆಲೆ ದೊರೆತು ಅದು ನಿಂತುದು ೧೯೫೧ರಲ್ಲಿ. ಯಂತ್ರವನ್ನು ಕೊಳ್ಳುವುದು ಒಂದು ಸಾಧನೆ. ಅದನ್ನು ಬಿಡದೆ ಬಳಸುವ ಜನವನ್ನು ಬೆಳಸುವುದು ಬೇರೊಂದು ಸಾಧನೆ.

ಹೈದರಾಬಾದಿನ ಕಥೆ ಇದಕ್ಕೆ ಪೂರಕವಾಗಿದೆ. ಕಲಬುರಗಿ, ರಾಯಚೂರು, ಬೀದರ್‌ಗಳು ೧೯೫೬ರವರೆಗೆ ಆ ರಾಜ್ಯಕ್ಕೆ ಸೇರಿದ್ದುದರಿಂದ ಇದನ್ನು ನಮ್ಮದೆಂದೇ ಹೇಳಬಹುದು. ಅಲ್ಲಿನ ನವಾಬ್ ಜಫರ್ ಜಂಗ್ ಎಂಬ ಶ್ರೀಮಂತರು ಖಗೋಳದ ಹುಚ್ಚಿನಿಂದ ೧೫ ಅಂಗುಲದ ದೂರದರ್ಶಕವನ್ನು ಕೊಂಡು, ೧೯೦೧ರಲ್ಲಿ ವೇಧಶಾಲೆಗೆ ತಳಹದಿ ಹಾಕಿದರು. ಅವರು ೧೯೦೭ರಲ್ಲಿ ತೀರಿಕೊಂಡ ಬಳಿಕ ನಿಜಾಮರ ಸರ್ಕಾರವು ಅದನ್ನು ವಹಿಸಿಕೊಂಡಿತು. ಆದರೆ ನಿಜಾಮಿಯಾ ವೇಧಶಾಲೆಗೆ ಕೀರ್ತಿ ತಂದುದು ಆ ದೊಡ್ಡ ಯಂತ್ರವಲ್ಲ. ಜೊತೆಯಲ್ಲಿದ್ದ ಎಂಟು ಅಂಗುಲದ ಛಾಯಾಗ್ರಾಹಕ ದೂರದರ್ಶಕ. ೧೮೮೭ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ವಿದ್ವಾಂಸರು ಇಡೀ ಆಕಾಶದ ಪಟವನ್ನು ತೆಗೆಯಲು ಹಲವು ದೇಶಗಳಿಗೆ ಪಾಲು ಹಂಚಿದ್ದರು. ಬೇರೆಯವರು ಮುಗಿಸಲಾರದೆ ಬಿಟ್ಟ ಎರಡು ಪಟ್ಟಿಗಳನ್ನು ಹೈದರಾಬಾದು ವಹಿಸಿಕೊಂಡು, ವರ್ಷಾನುಗಟ್ಟಲೆ ಫಲಕಗಳನ್ನು ತೆಗೆದು, ಲಕ್ಷಾಂತರ ನಕ್ಷತ್ರಗಳ ಸ್ಥಾನವನ್ನು ಅಳೆದು ಅಚ್ಚುಮಾಡಿಸಿತು. ಇದರ ಫಲ ತಿಳಿದುದು ಬಹಳ ತಡವಾಗಿ. ಹಿಪ್ಪಾರ್ಕಸ್ ಎಂಬ ಕೃತಕ ಉಪಗ್ರಹವು ೧೯೮೯ರಿಂದ ೧೯೯೩ರವರೆಗೆ ಅಳೆದ ಸ್ಥಾನಗಳೊಡನೆ ಆ ಹಳೆಯ ಫಲಕಗಳ ಸ್ಥಾನಗಳನ್ನು ಹೋಲಿಸಿ, ೨೦೦೦ದಲ್ಲಿ ಇಪ್ಪತ್ತೈದು ಲಕ್ಷ ನಕ್ಷತ್ರಗಳ ಚಲನೆಯ ಪಟ್ಟಿಯನ್ನು ಪ್ರಕಟಿಸಲಾಯಿತು. ಶತಮಾನದ ಹಿಂದೆ ಹೈದರಾಬಾದಿನ ಚಳಿಯಲ್ಲಿ ನಿದ್ದೆಗೆಟ್ಟವರ ಶ್ರಮವಿಲ್ಲದೆ ಆ ಹೋಲಿಕೆ ಪೂರ್ಣವಾಗುತ್ತಿರಲಿಲ್ಲ.

ಇನ್ನೊಂದು ಚಿಕ್ಕ ದೂರದರ್ಶಕದ ಪಯಣವನ್ನೂ ಹೇಳಬೇಕು. ಬಂಗಾಳದ ಜೆಸ್ಸೋರಿನಲ್ಲಿ ಖಜಾನೆಯ ಗುಮಾಸ್ತರಾಗಿದ್ದ ರಾಧಾಗೋವಿಂದ ಚಂದ್ರರು ಮೂರು ಅಂಗುಲದ ಯಂತ್ರದಿಂದಲೇ ಚಂಚಲ ತಾರೆಗಳನ್ನು ಅಳೆದು ಅಮೆರಿಕದ ವೀಕ್ಷಕರ ಸಂಘಕ್ಕೆ ಬರೆದು ಕಳುಹಿಸುತ್ತಿದ್ದರು. ಅವರ ನಿಷ್ಠೆಗೆ ಮೆಚ್ಚಿ ಸಂಘವು ೧೯೨೬ರಲ್ಲಿ ಆರು ಅಂಗುಲದ ದೂರದರ್ಶಕವನ್ನು ಕಡವಾಗಿ ಕಳುಹಿಸಿಕೊಟ್ಟಿತು. ಅವರಿಂದ ಅದು ಮುಂದೆ ವೇಣು ಬಾಪು ಅವರ ಕೈಗೆ ಬಂದಿತು. ನಿಜಾಮಿಯಾ ವೇಧಶಾಲೆಯ ನೌಕರರ ಮಗನಾದ ಬಾಪು ಅವರೇ, ಕತ್ತಲೆಯ ಜಾಗವನ್ನು ಹುಡುಕುತ್ತ ಹೊರಟು, ತಮಿಳುನಾಡಿನ ಕಾವಲೂರಿನಲ್ಲಿ ವೇಧಶಾಲೆಯನ್ನು ಕಟ್ಟಿದವರು. ಇಂದು ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ೪,೫೦೦ ಮೀಟರ್ ಎತ್ತರದಲ್ಲಿ, ಎರಡು ಮೀಟರ್ ಅಗಲದ ದರ್ಪಣವಿದೆ. ಅದನ್ನು ನಡಸುವುದು ನಮ್ಮ ಹೊಸಕೋಟೆಯಿಂದ.

ಈಗ ದಾವಣಗೆರೆಯ ಸೀಮೆಗೆ ಬರೋಣ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳು ಮೊದಲು ಶಿವಮೊಗ್ಗ ಜಿಲ್ಲೆಗೆ ಸೇರಿದ್ದುವು, ಜಗಳೂರು ಚಿತ್ರದುರ್ಗಕ್ಕೆ. ೧೯೯೭ರಿಂದ ಇವು ದಾವಣಗೆರೆ ಜಿಲ್ಲೆಗೆ ಸೇರಿವೆ. ಇವೆಲ್ಲವೂ ಹದಿನಾಲ್ಕನೆಯ ಅಕ್ಷಾಂಶದ ಆಸುಪಾಸಿನಲ್ಲಿವೆ. ಇದರ ಅರ್ಥವೇನು? ಉತ್ತರದಲ್ಲಿ ಧ್ರುವನಕ್ಷತ್ರವು ಹದಿನಾಲ್ಕು ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ದಕ್ಷಿಣದಲ್ಲಿ ತ್ರಿಶಂಕುವೂ ಅಗಸ್ತ್ಯನೂ ಚೆನ್ನಾಗಿ ಮೇಲೇರುತ್ತಾರೆ. ಡ್ರೇಪರನ ಮಹಾವ್ಯಾಧ ನೀಹಾರಿಕೆ ಇಲ್ಲಿ ಎಪ್ಪತ್ತು ಡಿಗ್ರಿಗೂ ಮೇಲೆ ಏರುತ್ತದೆ. ರಾಬರ್ಟ್ಸನ ದೇವಯಾನಿ ಅರುವತ್ತಕ್ಕೂ ಮೇಲೆ. ಆಕಾಶದ ಅತ್ಯಂತ ಭವ್ಯವಾದ ಗೋಲ ತಾರಾಗುಚ್ಛವಾದ ಒಮೆಗಾ ಸೆಂಟಾರಿಯು ರಾಬರ್ಟ್ಸನ ಲಿವರ್‌ಪೂಲಿನಲ್ಲಿ ಎಂದೂ ಹುಟ್ಟುವುದೇ ಇಲ್ಲ. ಜಗಳೂರಿನ ಬೇಸಗೆಯ ರಾತ್ರಿಯಲ್ಲಿ ಅದು ಇಪ್ಪತ್ತೆಂಟು ಡಿಗ್ರಿ ಏರಿ ನಿಲ್ಲುತ್ತದೆ. ಪಶ್ಚಿಮ ದೇಶಗಳ ಮಹಾಯಂತ್ರಗಳ ಒಡೆಯರಿಗೆ ದಕ್ಕದ ಭಾಗ್ಯ ಇದು.

ನಮ್ಮ ಉತ್ಸಾಹಿ ತರುಣರು ಕನಸು ಕಾಣುವುದು ದೊಡ್ಡ ದೂರದರ್ಶಕಕ್ಕಾಗಿ. ಅದು ತಪ್ಪಲ್ಲ. ಎಂಟು ಅಂಗುಲದ ದರ್ಪಣವು ಕತ್ತಲೆಗೆ ಅರಳಿದ ಕಣ್ಣಿಗಿಂತ ಎಂಟುನೂರು ಪಟ್ಟು ಬೆಳಕನ್ನು ಕೂಡಿಸುತ್ತದೆ. ಹಳೆಯ ಫಲಕವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಒಂದು ಪಾಲನ್ನು ಮಾತ್ರ ಹಿಡಿಯುತ್ತಿತ್ತು. ೧೯೬೯ರಲ್ಲಿ ಹುಟ್ಟಿದ ವಿದ್ಯುತ್ ಸಂವೇದಕದ ಇಂದಿನ ರೂಪಗಳು ಅದರ ಹಲವು ಹತ್ತು ಪಟ್ಟನ್ನು ಹಿಡಿಯುತ್ತವೆ. ಹತ್ತಾರು ಸಣ್ಣ ಸಣ್ಣ ಚಿತ್ರಗಳನ್ನು ಗಣಕಯಂತ್ರವು ಒಂದರ ಮೇಲೊಂದಿಟ್ಟು ಕೂಡಿಸುತ್ತದೆ. ಹೀಗಾಗಿ ಕಾಮನ್ನನು ೩೬ ಅಂಗುಲದ ದರ್ಪಣದಿಂದ ಪಡೆದುದಕ್ಕಿಂತ ಮಿಗಿಲಾದ ಚಿತ್ರವನ್ನು ಇಂದು ಒಂದು ಪ್ರೌಢಶಾಲೆಯ ಮಾಳಿಗೆಯಿಂದ ತೆಗೆಯಬಹುದು. ಗಟ್ಟಿಯಾದ ಪೀಠವಿರಬೇಕು, ಅದರ ಅಕ್ಷವನ್ನು ಇಲ್ಲಿನ ಹದಿನಾಲ್ಕು ಡಿಗ್ರಿಗೆ ಬಾಗಿಸಿ, ಗುಡ್ಡವು ಧ್ರುವನನ್ನು ಮರೆಮಾಡದ ಎಡೆಯನ್ನು ಆರಿಸಿಕೊಳ್ಳಬೇಕು, ಸೂಳೆಕೆರೆಯ ದಂಡೆಯಲ್ಲಿಯೋ ಹೊನ್ನಾಳಿಯ ತುಂಗಭದ್ರೆಯ ತೀರದಲ್ಲಿಯೋ ನಿಂತರೆ ಮಸೂರವನ್ನು ಮುಸುಕುವ ಇಬ್ಬನಿಯ ವಿಷಯದಲ್ಲಿ ಎಚ್ಚರವಿರಬೇಕು.

ಆದರೆ ಯಾವ ಅಂಗಡಿಯಲ್ಲಿಯೂ ದೊರೆಯದ ಒಂದು ಉಪಕರಣವುಂಟು. ಅದು ಕತ್ತಲೆ. ನಾವು ಹೇಳಿದ ಚರಿತ್ರೆಯೆಲ್ಲವೂ ಕೊನೆಗೆ ಅದನ್ನು ಹುಡುಕಿಕೊಂಡು ಹೋದವರ ಚರಿತ್ರೆಯೇ. ಕಾವಲೂರಿನ ಕಾಡಿಗೂ ಹಾನ್ಲೆಯ ಮರುಭೂಮಿಗೂ ವಿದ್ವಾಂಸರು ಹೋದುದು ಅದಕ್ಕಾಗಿ. ಮಳೆಯನ್ನು ನೆಚ್ಚಲಾರದ ಜಗಳೂರಿಗೆ ಮೋಡವಿಲ್ಲದ ರಾತ್ರಿಗಳು ಬೇಡದೆ ಬಂದ ಆಸ್ತಿ. ಅದು ಈಗ ದೀಪದಿಂದ ದೀಪಕ್ಕೆ ಕರಗುತ್ತಿದೆ.

ದೀಪವೇ ಬೇಡವೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ೧೯೦೫ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದುದು ಮೈಸೂರು ಸಂಸ್ಥಾನದ ಹೆಮ್ಮೆಗಳಲ್ಲೊಂದು. ಹಳ್ಳಿಯ ಹೆಣ್ಣುಮಗಳು ನಿರ್ಭಯವಾಗಿ ನಡೆಯಲು ಬೆಳಕು ಬೇಕೇ ಬೇಕು. ಆದರೆ ಆ ಬೆಳಕು ಬೇಕಾದುದು ನೆಲದ ಮೇಲೆ. ಮೇಲಕ್ಕೆ ಚೆಲ್ಲಿದ ಬೆಳಕು ದಾರಿಹೋಕನಿಗೂ ದಕ್ಕುವುದಿಲ್ಲ, ನಕ್ಷತ್ರವನ್ನೂ ಉಳಿಸುವುದಿಲ್ಲ. ಊರಿನ ಹಣ ಮಾತ್ರ ಸೋರುತ್ತದೆ. ೨೦೨೨ರಲ್ಲಿ ಹಾನ್ಲೆಯ ಸುತ್ತಲಿನ ಪ್ರದೇಶವನ್ನು ಕತ್ತಲೆಯ ರಕ್ಷಿತ ಸೀಮೆಯೆಂದು ಘೋಷಿಸಿ ಅಲ್ಲಿನ ಊರವರನ್ನೇ ಆಕಾಶದ ಮಾರ್ಗದರ್ಶಕರನ್ನಾಗಿ ಮಾಡಿದ್ದಾರೆ. ದೀಪಕ್ಕೆ ಮುಚ್ಚಳವನ್ನಿಡುವ ಆ ಸರಳವಾದ ವಿವೇಕಕ್ಕೆ ಹಿಮಾಲಯವೇ ಬೇಕೆಂದಿಲ್ಲ. ಒಂದು ಪುರಸಭೆಯ ನಿರ್ಣಯ ಸಾಕು.

ದೂರದರ್ಶಕವನ್ನು ಇಂದಲ್ಲ ನಾಳೆ ಹಣ ಕೂಡಿಸಿ ಕೊಳ್ಳಬಹುದು. ನಾಲ್ಕು ತಾಲ್ಲೂಕುಗಳ ಶಾಲೆಗಳು ಒಟ್ಟುಗೂಡಿ ಒಂದನ್ನು ತರಿಸಿ, ಸರದಿಯಂತೆ ಬಳಸಿ, ತೆಗೆದ ಚಿತ್ರಗಳಿಗೆ ದಿನಾಂಕವನ್ನೂ ವೇಳೆಯನ್ನೂ ಬರೆದಿಟ್ಟರೆ, ಹೈದರಾಬಾದಿನ ಫಲಕಗಳಂತೆ ಅವೂ ನೂರು ವರ್ಷಗಳ ಮೇಲೆ ಯಾರಿಗೋ ಉಪಯೋಗಕ್ಕೆ ಬಂದಾವು. ಆದರೆ ಅಂದು ದರ್ಪಣವನ್ನು ಮೇಲಕ್ಕೆತ್ತಿದಾಗ ಅದರೊಳಗೆ ಬೀಳುವುದಕ್ಕೆ ಆಕಾಶವು ಉಳಿದಿರಬೇಕು.